ಕಾಗದದ ಮೇಲೆ ಉರುಶಿ ಚಿತ್ರ: ಮೊದಲ ಹಾಳೆಗೆ ಒಂದು ಕೈಪಿಡಿ

ಜಪಾನಿನ ಮೆರುಗಿನ ಕಲೆ ಅಂದರೆ ಹೆಚ್ಚಿನವರಿಗೆ ನೆನಪಾಗುವುದು ಕಪ್ಪು-ಕೆಂಪು ಬಟ್ಟಲು, ಡಬ್ಬಿ, ತಟ್ಟೆಗಳು. ಎಲ್ಲವೂ ಮರದ ಮೇಲಿನ ಕೆಲಸ. ಅದೇ ಮೆರುಗನ್ನು ಕುಂಚದಲ್ಲಿ ಎತ್ತಿ ಕಾಗದದ ಮೇಲೆ ಚಿತ್ರ ಬಿಡಿಸುವ ಕಲೆಯೂ ಇದೆ. ಅದಕ್ಕೆ ಉರುಶಿ-ಎ ಅಂತ ಹೆಸರು. ಉರುಶಿ ಅಂದರೆ ಆ ಮೆರುಗು, ಎ ಅಂದರೆ ಚಿತ್ರ. ಇದನ್ನು ಎಲ್ಲರಿಗಿಂತ ಎತ್ತರಕ್ಕೆ ಒಯ್ದವರು ಶಿಬಾಟ ಝೆಶಿನ್. 1807ರಲ್ಲಿ ಎಡೋದಲ್ಲಿ, ಅಂದರೆ ಇಂದಿನ ಟೋಕಿಯೋದಲ್ಲಿ ಹುಟ್ಟಿದವರು. ಹನ್ನೊಂದನೇ ವಯಸ್ಸಿನಲ್ಲಿ ಕೋಮ ಕಾನ್ಸೈ ಎಂಬ ಮೆರುಗಿನ ಕಸುಬುದಾರರ ಬಳಿ ಶಿಷ್ಯರಾಗಿ ಸೇರಿದರು. ಆಮೇಲೆ ಸುಝುಕಿ ನಾನ್‌ರೇ ಬಳಿ ಚಿತ್ರಕಲೆ ಕಲಿತರು. 1873ರ ವಿಯೆನ್ನಾ ವಿಶ್ವಪ್ರದರ್ಶನದಲ್ಲಿ ಅವರ ಫ್ಯೂಜಿ ಬೆಟ್ಟದ ಮೆರುಗು ಫಲಕಕ್ಕೆ ಪದಕ ಬಂತು. ಇಳಿವಯಸ್ಸಿನಲ್ಲಿ ಅವರು ಕಾಗದದ ಮೇಲೆ ಉರುಶಿಯಲ್ಲಿ ಬಿಡಿಸಿದ ಚಿತ್ರಗಳು ಇವತ್ತಿಗೂ ಈ ಕಲೆಯ ಅಳತೆಗೋಲು. 1891ರಲ್ಲಿ ತೀರಿಕೊಂಡರು.

ಒಂದು ಗೊಂದಲವನ್ನು ಮೊದಲೇ ಬಗೆಹರಿಸೋಣ. 18ನೇ ಶತಮಾನದ ಮೊದಲ ಭಾಗದ ಕೆಲವು ಉಕಿಯೊ-ಎ ಚಿತ್ರಗಳಿಗೂ, ಅಂದರೆ ಜಪಾನಿನ ಮರದಚ್ಚಿನ ಚಿತ್ರಗಳಿಗೂ, ಉರುಶಿ-ಎ ಅಂತಲೇ ಹೆಸರು. ಅವುಗಳಲ್ಲಿ ಹೊಳೆಯುವುದು ಉರುಶಿಯಲ್ಲ. ಕಪ್ಪು ಮಸಿಗೆ ಪ್ರಾಣಿಜನ್ಯ ಅಂಟು ಜಾಸ್ತಿ ಬೆರೆಸಿ ಆ ಹೊಳಪು ತರಿಸುತ್ತಿದ್ದರು. ಇಲ್ಲಿ ನಾನು ಹೇಳುತ್ತಿರುವುದು ನಿಜವಾದ ಉರುಶಿಯ ವಿಷಯ.

ಉರುಶಿ ಅಂದರೆ ಏನು

ಉರುಶಿ ಒಂದು ಮರದ ಹಾಲು. ತೊಗಟೆಗೆ ಅಡ್ಡಡ್ಡ ಗೀರು ಹಾಕಿ, ಜೂನ್‌ನಿಂದ ಶರತ್ಕಾಲದವರೆಗೆ ಹನಿಹನಿಯಾಗಿ ಸಂಗ್ರಹಿಸುತ್ತಾರೆ. ಹತ್ತು ಹದಿನೈದು ವರ್ಷ ಬೆಳೆದ ಒಂದು ಮರದಿಂದ ಇಡೀ ಹಂಗಾಮಿನಲ್ಲಿ ಸಿಗುವುದು ಸುಮಾರು 200 ಗ್ರಾಂ ಮಾತ್ರ. ಜಪಾನಿನಲ್ಲಿ ಸಾಮಾನ್ಯವಾಗಿ ಆ ವರ್ಷದ ಕೊನೆಗೆ ಮರವನ್ನೇ ಕಡಿಯುತ್ತಾರೆ, ಬೇರಿನಿಂದ ಹೊಸ ಚಿಗುರು ಬರುತ್ತದೆ. ಜಪಾನಿನಲ್ಲೇ ತೆಗೆಯುವ ಉರುಶಿಯ ದೊಡ್ಡ ಪಾಲು ಇವಾತೆ ಪ್ರಾಂತ್ಯದ ಜೋಬೋಜಿ ಭಾಗದ್ದು. ಅದು ಸಾಲದೆ, ಬಳಕೆಗೆ ಬೇಕಾದ ಬಹುಪಾಲನ್ನು ಚೀನಾದಿಂದ ತರಿಸುತ್ತಾರೆ. ಇಷ್ಟು ತಿಳಿದ ಮೇಲೆ ಬೆಲೆ ಯಾಕೆ ಅಷ್ಟು ಅಂತ ಕೇಳಬೇಕಾಗಿಲ್ಲ. ಒಂದು ಹನಿಯನ್ನೂ ಸುಮ್ನೆ ಚೆಲ್ಲಲು ಮನಸ್ಸು ಬರುವುದಿಲ್ಲ.

ಚನ್ನಪಟ್ಟಣದ ಬೊಂಬೆಗಳಿಗೆ ಬಳಿಯುವ ಅರಗು ಇದಲ್ಲ. ಅರಗು ಬರುವುದು ಕೀಟದಿಂದ. ತಿರುಗುವ ಮರಕ್ಕೆ ಒತ್ತಿದಾಗ ಉಜ್ಜಾಟದ ಬಿಸಿಗೆ ಕರಗಿ ಅಂಟುತ್ತದೆ, ತಣ್ಣಗಾದರೆ ಗಟ್ಟಿಯಾಗುತ್ತದೆ. ಉರುಶಿ ಗಟ್ಟಿಯಾಗುವ ಬಗೆಯೇ ಬೇರೆ. ಅದರಲ್ಲಿ ಲ್ಯಾಕೇಸ್ ಎಂಬ ಕಿಣ್ವ ಇದೆ. ಗಾಳಿಯಲ್ಲಿ ತೇವ ಇದ್ದಾಗ ಆ ಕಿಣ್ವ ಚುರುಕಾಗಿ, ಆಮ್ಲಜನಕ ಹಿಡಿದು, ಉರುಶಿಯೊಳಗಿನ ಉರುಶಿಯಾಲ್ ಎಂಬ ವಸ್ತುವನ್ನು ಒಂದಕ್ಕೊಂದು ಹೆಣೆಯುತ್ತದೆ. ಹಾಗಾಗಿ ಬಿಸಿಲಿಗೆ ಇಟ್ಟರೆ ಉರುಶಿ ಒಣಗುವುದಿಲ್ಲ. ಬಟ್ಟೆ ಒಣಗದ ಮಳೆಗಾಲದ ದಿನದಲ್ಲಿ ಅದು ಚೆನ್ನಾಗಿ ಗಟ್ಟಿಯಾಗುತ್ತದೆ. ಬೇಕಾದದ್ದು 20ರಿಂದ 28 ಡಿಗ್ರಿ ಸೆಲ್ಸಿಯಸ್ ಶಾಖ, ಶೇಕಡ 70ರಿಂದ 80ರಷ್ಟು ತೇವ. ಈ ಕಲೆಯ ಅರ್ಧ ಕೆಲಸ ಈ ಎರಡು ಸಂಖ್ಯೆಗಳನ್ನು ಕಾಯುವುದೇ.

ಕೈ ಹಾಕುವ ಮುಂಚೆ: ತುರಿಕೆ

ಈ ಭಾಗವನ್ನು ದಯವಿಟ್ಟು ದಾಟಿ ಹೋಗಬೇಡಿ. ಹಸಿ ಉರುಶಿ ಚರ್ಮಕ್ಕೆ ತಾಗಿದರೆ ತುಂಬಾ ಜನರಿಗೆ ಕೆಂಪು ಗುಳ್ಳೆ, ಊತ, ನಿದ್ದೆ ಕೆಡಿಸುವ ತುರಿಕೆ ಬರುತ್ತದೆ. ತಕ್ಷಣ ಗೊತ್ತಾಗುವುದಿಲ್ಲ. ಒಂದೆರಡು ದಿನ ಬಿಟ್ಟು ಏಳುತ್ತದೆ, ಎರಡು ಮೂರು ವಾರ ಕಾಡುತ್ತದೆ. ಮಾವು, ಗೋಡಂಬಿ, ಕರಿಗೇರು, ನಮ್ಮ ಮಲೆನಾಡಿನ ಹೊಲಗೇರು ಎಲ್ಲವೂ ಉರುಶಿ ಮರದ ಕುಟುಂಬದವೇ. ಮಾವಿನ ಸೊನೆಗೆ ತುಟಿ ಊದಿದವರು, ಗೋಡಂಬಿ ಚಿಪ್ಪಿನ ಎಣ್ಣೆಗೆ ಕೈ ಸುಲಿದವರು, ಹೊಲಗೇರಿನ ಹಾಲು ತಾಗಿ ಮೈ ಉರಿದವರು ಉರುಶಿಯನ್ನು ಮುಟ್ಟುವ ಮುಂಚೆ ಎರಡು ಸಲ ಯೋಚಿಸಬೇಕು. ಅಂಥವರಿಗೆ ಅಪಾಯ ಜಾಸ್ತಿ.

ನೈಟ್ರೈಲ್ ಕೈಗವಸು ಹಾಕಿ, ಆಗಾಗ ಬದಲಿಸಿ. ತೆಳು ಲ್ಯಾಟೆಕ್ಸ್ ಕೈಗವಸನ್ನು ನಂಬಬೇಡಿ, ಉರುಶಿಯಾಲ್ ಅದನ್ನು ದಾಟಿ ಬರುತ್ತದೆ. ತುಂಬು ತೋಳಿನ ಹಳೆಯ ಅಂಗಿ ಇರಲಿ. ಕೆಲಸದ ಮಧ್ಯೆ ಮುಖ ಮುಟ್ಟಬೇಡಿ, ಫೋನ್ ಮುಟ್ಟಬೇಡಿ. ಚರ್ಮಕ್ಕೆ ತಾಗಿದರೆ ಮೊದಲು ಅಡುಗೆ ಎಣ್ಣೆ ಹಚ್ಚಿ ಬಟ್ಟೆಯಿಂದ ಒರೆಸಿ, ಆಮೇಲೆ ಸೋಪು, ನೀರು. ಮುಖ ಅಥವಾ ಕಣ್ಣಿನ ಸುತ್ತ ಊದಿಕೊಂಡರೆ ಮನೆಮದ್ದಿಗೆ ಕಾಯದೆ ವೈದ್ಯರ ಬಳಿ ಹೋಗಿ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಬೀಗ ಹಾಕುವ ಕೋಣೆ ಇದ್ದರೆ ಮಾತ್ರ ಈ ಕೆಲಸ. ಪೂರ್ತಿ ಗಟ್ಟಿಯಾದ ಉರುಶಿಯಿಂದ ಸಾಮಾನ್ಯವಾಗಿ ಭಯವಿಲ್ಲ, ಜಪಾನಿನಲ್ಲಿ ಅದರ ಬಟ್ಟಲಿನಲ್ಲೇ ಸೂಪು ಕುಡಿಯುತ್ತಾರೆ.

ಇದೆಲ್ಲ ಬೇಡ ಅನಿಸಿದರೆ ಇನ್ನೊಂದು ದಾರಿ ಇದೆ. ಎರಡನೇ ಮಹಾಯುದ್ಧದ ನಂತರ ಜಪಾನಿನಲ್ಲಿ ಗೋಡಂಬಿ ಚಿಪ್ಪಿನ ಎಣ್ಣೆಯಿಂದ ಉರುಶಿಯನ್ನು ಹೋಲುವ ಬಣ್ಣ ತಯಾರಿಸಿದರು. ಉರುಶಿಯನ್ನು ಗಟ್ಟಿಯಾಗಲು ಇಡುವ ತೇವದ ಪೆಟ್ಟಿಗೆ ಅದಕ್ಕೆ ಬೇಕಿಲ್ಲ, ಗಾಳಿಯಲ್ಲೇ ಒಣಗುತ್ತದೆ. ಆದರೆ ಅದರ ದ್ರಾವಕದ ವಾಸನೆಗೆ ಕಿಟಕಿ ತೆರೆದಿರಬೇಕು. ಕುಂಚದ ಅಭ್ಯಾಸಕ್ಕೆ ಅದು ಸಾಕು. ಉರುಶಿಯ ಆಳವಾದ ಹೊಳಪು ಮಾತ್ರ ಅದರಲ್ಲಿ ಬರುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಏನೇನು ಬೇಕು

ಉರುಶಿ ಚಿಕ್ಕ ಟ್ಯೂಬುಗಳಲ್ಲಿ ಸಿಗುತ್ತದೆ. ಮೊದಲಿಗೆ ಎರಡೇ ಸಾಕು. ಒಂದು ರೋಇರೊ ಎನ್ನುವ ಕಪ್ಪು. ಕಬ್ಬಿಣದ ಜೊತೆ ಉರುಶಿ ಸೇರಿದಾಗ ಬರುವ ಕಪ್ಪು ಅದು, ಮಸಿ ಬೆರೆಸಿದ್ದಲ್ಲ. ಇನ್ನೊಂದು ಸುಕಿ-ಉರುಶಿ ಎನ್ನುವ ಪಾರದರ್ಶಕ ಬಗೆ, ಬಣ್ಣ ಬೆರೆಸುವುದಕ್ಕೆ. ಕಿ-ಉರುಶಿ ಅಂತ ಬರೆದಿರುವ ಹಸಿ ಉರುಶಿ ಕೊಳ್ಳಬೇಡಿ. ಅದರಲ್ಲಿ ನೀರಿನಂಶ ಜಾಸ್ತಿ. ಕಲಕಿ, ಹದವಾಗಿ ಬಿಸಿ ಮಾಡಿ, ಆ ನೀರನ್ನು ಸುಮಾರು ಶೇಕಡ 3ಕ್ಕೆ ಇಳಿಸಿದ ಮೇಲೆಯೇ ಅದು ಚಿತ್ರಕ್ಕೆ ಒದಗುವುದು.

ಇವುಗಳ ಜೊತೆ ಕೆಂಪು ಕಬ್ಬಿಣದ ಆಕ್ಸೈಡ್ ಪುಡಿ, ದಪ್ಪ ಗಾಜಿನ ಹಲಗೆ, ಬಣ್ಣ ಅರೆಯುವ ಗಾಜಿನ ಗುಂಡು, ಬಿದಿರಿನ ಅಥವಾ ಪ್ಲಾಸ್ಟಿಕ್ಕಿನ ಚಪ್ಪಟೆ ಕಡ್ಡಿಗಳು, ಟರ್ಪೆಂಟೈನ್, ಸ್ವಲ್ಪ ಸಾಸಿವೆ ಅಥವಾ ಸೂರ್ಯಕಾಂತಿ ಎಣ್ಣೆ, ಸೋಸುವುದಕ್ಕೆ ತೆಳುವಾದ ಗಟ್ಟಿ ಕಾಗದ, ಮತ್ತು ಶಾಖ-ತೇವ ಎರಡನ್ನೂ ತೋರಿಸುವ ಚಿಕ್ಕ ಡಿಜಿಟಲ್ ಮೀಟರ್. ಮೀಟರ್ ಇಲ್ಲದೆ ಶುರು ಮಾಡಲೇಬೇಡಿ.

ಕುಂಚದ ವಿಷಯಕ್ಕೆ ಬಂದರೆ, ಗೆರೆ ಎಳೆಯುವುದಕ್ಕೆ ಜಪಾನಿನ ಕಸುಬುದಾರರು ಇಲಿ ಕೂದಲಿನ ಉದ್ದ ಕುಂಚ ಬಳಸುತ್ತಾ ಬಂದಿದ್ದಾರೆ. ದೊಡ್ಡ ಜಾಗಕ್ಕೆ ಬಳಿಯುವ ಚಪ್ಪಟೆ ಕುಂಚಕ್ಕೆ ಮನುಷ್ಯರ ತಲೆಕೂದಲು. ಪೆನ್ಸಿಲ್ಲಿನೊಳಗೆ ಸೀಸ ಇರುವ ಹಾಗೆ ಆ ಕೂದಲು ಹಿಡಿಯ ಉದ್ದಕ್ಕೂ ಇರುತ್ತದೆ, ತುದಿ ಸವೆದರೆ ಮರ ಕೆತ್ತಿ ಹೊಸ ತುದಿ ತೆಗೆಯುತ್ತಾರೆ. ಹೊಸಬರಿಗೆ ಉದ್ದ ಕೂದಲಿನ ಒಳ್ಳೆಯ ಸೇಬಲ್ ಕುಂಚ ಸಾಕು. ಉರುಶಿ ಅಂಟಂಟಾಗಿ ಗಟ್ಟಿ ಇರುತ್ತದೆ. ಗಿಡ್ಡ ಕೂದಲು ಅದನ್ನು ಗೆರೆಯ ಕೊನೆಯವರೆಗೆ ಒಯ್ಯುವುದಿಲ್ಲ.

ಕಾಗದ ಸಿದ್ಧ ಮಾಡುವುದು

ಕಾಗದಕ್ಕೆ ಎರಡು ಗುಣ ಬೇಕು: ಉರುಶಿಯನ್ನು ಹೀರಬಾರದು, ತೇವಕ್ಕೆ ಸುಕ್ಕಾಗಬಾರದು. ಗಾಂಪಿ ಎಂಬ ಜಪಾನಿ ಪೊದೆಯ ನಾರಿನ ಕಾಗದ ನುಣುಪಾಗಿ ಬಿಗಿಯಾಗಿರುತ್ತದೆ, ಈ ಕೆಲಸಕ್ಕೆ ಅದೇ ಉತ್ತಮ. ಕೋಝೋ ಎಂಬ ಇನ್ನೊಂದು ಗಿಡದ ನಾರಿನದು ಗಟ್ಟಿಯೇ, ಆದರೆ ನಾರು ಎದ್ದು ಕಾಣುತ್ತದೆ, ಹೀರುವುದೂ ಜಾಸ್ತಿ. ಮೊದಲ ಚಿತ್ರಕ್ಕೆ ನನ್ನ ಸಲಹೆ ಶಿಕಿಶಿ. ದಪ್ಪ ರಟ್ಟಿಗೆ ಅಂಟಿಸಿದ ಕಾಗದ ಅದು, ಸುಮಾರು 24 ಸೆಂಟಿಮೀಟರ್ ಅಗಲ, 27 ಸೆಂಟಿಮೀಟರ್ ಉದ್ದ. ಸುಕ್ಕಾಗುವುದು ಕಡಿಮೆ.

ಬಿಡಿ ಹಾಳೆಯಾದರೆ ಅಂಟು-ಪಟಿಕದ ನೀರು ಬಳಿಯಲೇಬೇಕು. ಒಂದು ಲೀಟರ್ ನೀರಿಗೆ ಸುಮಾರು 15 ಗ್ರಾಂ ಪ್ರಾಣಿಜನ್ಯ ಅಂಟು, 5 ಗ್ರಾಂ ಪಟಿಕ. ಅಂಟನ್ನು ಸ್ವಲ್ಪ ತಣ್ಣೀರಿನಲ್ಲಿ ರಾತ್ರಿ ನೆನೆಸಿಡಿ. ಬೆಳಿಗ್ಗೆ ಪಾತ್ರೆಯನ್ನು ಬಿಸಿನೀರಿನಲ್ಲಿ ಇಟ್ಟು ಕರಗಿಸಿ. ಕುದಿಸಬೇಡಿ, ಕುದಿದರೆ ಅಂಟಿನ ಹಿಡಿತ ಹೋಗುತ್ತದೆ. ಪಟಿಕವನ್ನು ಬೇರೆ ಕರಗಿಸಿ ಇದಕ್ಕೆ ಸೇರಿಸಿ, ಉಳಿದ ನೀರನ್ನೂ ಬೆರೆಸಿ, ಸೋಸಿ. ಉಗುರುಬೆಚ್ಚಗೆ ಇರುವಾಗ ಅಗಲ ಕುಂಚದಲ್ಲಿ ಹಾಳೆಯ ಮುಂಭಾಗಕ್ಕೆ ಒಂದು ಕೈ ಬಳಿಯಿರಿ. ಪೂರ್ತಿ ಒಣಗಿದ ಮೇಲೆ ಹಿಂಭಾಗಕ್ಕೆ, ಮತ್ತೆ ಒಣಗಿದ ಮೇಲೆ ಮುಂಭಾಗಕ್ಕೆ ಇನ್ನೊಂದು ಕೈ. ಮೂಲೆಯಲ್ಲಿ ಒಂದು ಹನಿ ನೀರು ಬಿಟ್ಟು ನೋಡಿ. ಹನಿ ಹಾಗೇ ದುಂಡಗೆ ನಿಂತರೆ ಹಾಳೆ ತಯಾರು. ಹರಡಿ ಹೀರಿಕೊಂಡರೆ ಇನ್ನೊಂದು ಕೈ ಬೇಕು. ಪಟಿಕ ಜಾಸ್ತಿ ಹಾಕಿದರೆ ಬಿಗಿ ಬರುತ್ತದೆ ಅಂತ ಅನಿಸಬಹುದು. ಅದು ಕಾಗದಕ್ಕೆ ಆಮ್ಲದ ಗುಣ ತಂದು ವರ್ಷಗಳು ಕಳೆದಂತೆ ಪೆಡಸು ಮಾಡುತ್ತದೆ, ಹಾಗಾಗಿ ಬೇಡ.

ಇಷ್ಟೆಲ್ಲ ಯಾಕೆ ಅಂದರೆ, ಬಿಗಿ ಇಲ್ಲದ ಕಾಗದದಲ್ಲಿ ಉರುಶಿ ನಾರಿನೊಳಗೆ ಇಳಿದು ಗೆರೆಯ ಸುತ್ತ ಎಣ್ಣೆಯ ಕಂದು ಕಲೆ ಹರಡುತ್ತದೆ. ಆ ಕಲೆಯನ್ನು ಆಮೇಲೆ ಯಾವುದರಿಂದಲೂ ತೆಗೆಯಲಾಗದು.

ತಯಾರಾದ ಹಾಳೆಯನ್ನು ಮರದ ಹಲಗೆಗೆ ನಾಲ್ಕೂ ಅಂಚಿನಲ್ಲಿ ಕಾಗದದ ಟೇಪಿನಿಂದ ಬಿಗಿದು ಕಟ್ಟಿ. ಚಿತ್ರ ಮುಗಿಯುವ ತನಕ ಬಿಡಿಸಬೇಡಿ.

ಬಣ್ಣ ಮತ್ತು ಚಿತ್ರದ ಯೋಚನೆ

ಉರುಶಿಯೇ ಜೇನಿನ ಬಣ್ಣದ್ದು. ಅದಕ್ಕೇ ಶುದ್ಧ ಬಿಳಿ, ತಿಳಿ ನೀಲಿ, ಗುಲಾಬಿ ಇದರಲ್ಲಿ ಬರುವುದಿಲ್ಲ. ಬಿಳಿ ಪುಡಿ ಹಾಕಿದರೂ ಕೆನೆಗಂದು ಬರುತ್ತದೆ. 19ನೇ ಶತಮಾನದ ಕೊನೆಯವರೆಗೂ ಕಸುಬುದಾರರ ಕೈಯಲ್ಲಿದ್ದ ಬಣ್ಣಗಳು ಹೆಚ್ಚುಕಡಿಮೆ ಐದೇ: ಕಪ್ಪು, ಕೆಂಪು, ಹಳದಿ, ಹಸಿರು, ಕಂದು. ಝೆಶಿನ್ ಈ ಐದರಲ್ಲೇ ಕೆಲಸ ಸಾಗಿಸಿ, ಎಲ್ಲಿ ಬಿಳಿ ಬೇಕೋ ಅಲ್ಲಿ ಕಾಗದವನ್ನೇ ಖಾಲಿ ಬಿಡುತ್ತಿದ್ದರು. ಹೊಸಬರು ಅವರಿಂದ ಮೊದಲು ಕಲಿಯಬೇಕಾದದ್ದು ಈ ಖಾಲಿ ಬಿಡುವುದನ್ನು. ಕಾಗೆ, ಬದನೆಕಾಯಿ, ಜೀರುಂಡೆ, ಒಣಗಿದ ಕಮಲದ ಕಾಯಿ... ಕಪ್ಪಗೆ, ದುಂಡಗೆ, ತನ್ನಷ್ಟಕ್ಕೆ ಹೊಳೆಯುವ ವಸ್ತುವನ್ನು ಆರಿಸಿಕೊಳ್ಳಿ. ಮೋಡ, ಮಂಜು, ಜಲವರ್ಣದ ತೆಳು ಹರವು ಇಲ್ಲಿ ಬೇಡ, ಉರುಶಿ ಹಾಗೆ ಹರಡುವುದಿಲ್ಲ.

ಕೆಂಪಿಗೆ ಪಾರದರ್ಶಕ ಉರುಶಿ ಮತ್ತು ಆಕ್ಸೈಡ್ ಪುಡಿಯನ್ನು ಗಾಜಿನ ಮೇಲೆ ಹಾಕಿ. ಪುಡಿಯನ್ನು ಉರುಶಿಯ ತೂಕದ ಅರ್ಧದಿಂದ ಶುರು ಮಾಡಿ ಸ್ವಲ್ಪ ಸ್ವಲ್ಪವೇ ಏರಿಸಿ. ಗುಂಡಿನಿಂದ ನಿಧಾನವಾಗಿ ಸುತ್ತಿ ಸುತ್ತಿ ಅರೆಯಿರಿ. ಕಡ್ಡಿಯಿಂದ ಗಾಜಿನ ಮೇಲೆ ತೆಳುವಾಗಿ ಎಳೆದಾಗ ಕಾಳು ಕಾಣಬಾರದು. ಆಮೇಲೆ ಸೋಸುವ ಕಾಗದದಲ್ಲಿ ಸುತ್ತಿ, ಎರಡೂ ತುದಿಗಳನ್ನು ಎದುರುಬದುರು ತಿರುವಿ ಹಿಂಡಿ. ಕಪ್ಪನ್ನೂ ಹೀಗೇ ಸೋಸಿಕೊಳ್ಳಿ. ಟರ್ಪೆಂಟೈನ್ ಕೆಲವೇ ಹನಿ, ಅದೂ ಗೆರೆ ಎಳೆಯಲು ಕಷ್ಟವಾದರೆ ಮಾತ್ರ. ನೀರಾದ ಉರುಶಿ ಅಂಚು ಕಳೆದುಕೊಳ್ಳುತ್ತದೆ.

ಬಳಿಯುವ ಮುಂಚೆ, ಬೆರೆಸಿದ ಬಣ್ಣದ ಒಂದು ಚಿಕ್ಕ ಗೆರೆಯನ್ನು ಗಾಜಿನ ಚೂರಿನ ಮೇಲೆ ಎಳೆದು ತೇವದ ಪೆಟ್ಟಿಗೆಯಲ್ಲಿಟ್ಟು ನೋಡಿ. ಉರುಶಿ ಪ್ರತಿ ಟ್ಯೂಬಿಗೂ ಬೇರೆ ಬೇರೆ. ಒಂದು ಆರು ಗಂಟೆಯಲ್ಲಿ ಗಟ್ಟಿಯಾದರೆ ಇನ್ನೊಂದು ಮರುದಿನವೂ ಅಂಟುತ್ತಿರುತ್ತದೆ. ಆ ಗಾಜಿನ ಚೂರು ಹೇಳುವುದನ್ನು ಕೇಳದೆ ಚಿತ್ರ ಶುರು ಮಾಡಬಾರದು.

ಬಿಡಿಸುವುದು

ಚಿತ್ರವನ್ನು ಮೊದಲು ತೆಳು ಕಾಗದದಲ್ಲಿ ಪೂರ್ತಿ ಬಿಡಿಸಿ. ಅದರ ಹಿಂಭಾಗಕ್ಕೆ ಕೆಂಪು ಪುಡಿಯನ್ನು ಬಟ್ಟೆಯಿಂದ ತೆಳುವಾಗಿ ಉಜ್ಜಿ, ಹಾಳೆಯ ಮೇಲಿಟ್ಟು ಮೊಂಡು ಕಡ್ಡಿಯಿಂದ ಗೆರೆ ಒತ್ತಿದರೆ ಗುರುತು ಮೂಡುತ್ತದೆ. ಪೆನ್ಸಿಲ್ ಬೇಡ. ಅದನ್ನು ಅಳಿಸಲು ರಬ್ಬರ್ ಉಜ್ಜಿದರೆ ಅಂಟಿನ ಪದರವೂ ಕಿತ್ತು ಬರುತ್ತದೆ.

ಕೋಣೆಯಲ್ಲಿ ಫ್ಯಾನ್ ಆರಿಸಿ. ಉರುಶಿ ಗಂಟೆಗಟ್ಟಲೆ ಹಸಿಯಾಗಿರುತ್ತದೆ, ಹಾರಿ ಬಂದ ಪ್ರತಿ ಧೂಳಿನ ಕಣ ಅದರಲ್ಲಿ ಕೂತುಬಿಡುತ್ತದೆ. ನೆಲ ಒರೆಸಿ, ಸ್ವಲ್ಪ ಹೊತ್ತು ಬಿಟ್ಟು ಕೂರಿ.

ಕುಂಚವನ್ನು ಬಣ್ಣದಲ್ಲಿ ಅದ್ದಿ, ಗಾಜಿನ ಮೇಲೆ ಎಳೆದು ತುದಿ ಸರಿ ಮಾಡಿ, ಹೆಚ್ಚಿನದನ್ನು ಅಲ್ಲೇ ಬಿಡಿ. ಗೆರೆಯನ್ನು ಮಸಿಯ ಗೆರೆಗಿಂತ ನಿಧಾನವಾಗಿ ಎಳೆಯಿರಿ. ಕುಂಚ ಹಿಂದಕ್ಕೆ ಜಗ್ಗಿದ ಹಾಗೆ ಅನಿಸುತ್ತದೆ. ಆ ಜಗ್ಗಾಟಕ್ಕೆ ಕೈ ಒಗ್ಗಬೇಕು, ಅವಸರ ಮಾಡಿದರೆ ಗೆರೆ ನಡುವೆ ಹರಿದು ನಿಲ್ಲುತ್ತದೆ. ಒಮ್ಮೆ ಎಳೆದ ಗೆರೆಯ ಮೇಲೆ ಮತ್ತೆ ಕುಂಚ ಆಡಿಸಬೇಡಿ. ಕಾಗೆಯ ಮೈಯಂಥ ತುಂಬು ಜಾಗವಾದರೆ ಬಣ್ಣವನ್ನು ಮೊದಲು ಒಂದು ದಿಕ್ಕಿಗೆ, ಆಮೇಲೆ ಅಡ್ಡಡ್ಡ, ಕೊನೆಗೆ ಮತ್ತೆ ಮೊದಲಿನ ದಿಕ್ಕಿಗೆ ತೆಳುವಾಗಿ ಹರಡಿ.

ತೆಳುವಾಗಿ ಅನ್ನುವುದನ್ನು ಒತ್ತಿ ಹೇಳುತ್ತೇನೆ. ದಪ್ಪ ಬಳಿದರೆ ಮೇಲಿನ ಪೊರೆ ಮೊದಲು ಗಟ್ಟಿಯಾಗಿ, ಒಳಗೆ ಹಸಿ ಉಳಿದು, ಮೇಲ್ಮೈ ಸುಕ್ಕುಗಟ್ಟುತ್ತದೆ. ಮರದ ಕೆಲಸದಲ್ಲಿ ಅಂಥ ಸುಕ್ಕನ್ನು ಇದ್ದಿಲಿನಿಂದ ತಿಕ್ಕಿ ಸಮ ಮಾಡುತ್ತಾರೆ. ಕಾಗದವನ್ನು ಹಾಗೆ ತಿಕ್ಕುವ ಹಾಗಿಲ್ಲ, ಹರಿದುಹೋಗುತ್ತದೆ. ದಪ್ಪ ಪದರ ಇನ್ನೊಂದು ಕಾರಣಕ್ಕೂ ಕೆಟ್ಟದ್ದು. ಕಾಗದ ಬಾಗುತ್ತದೆ, ಗಟ್ಟಿಯಾದ ಉರುಶಿ ಅಷ್ಟು ಬಾಗುವುದಿಲ್ಲ, ಬಿರುಕು ಬಿಡುತ್ತದೆ. ಸುರುಳಿ ಸುತ್ತುವ ಚಿತ್ರಪಟಗಳಲ್ಲೂ ಝೆಶಿನ್ ಉರುಶಿ ಬಳಸಿದರು. ಬಾಗಿದರೂ ತಾಳುವ ಹಾಗೆ ಅದನ್ನು ಹದ ಮಾಡಿಕೊಂಡದ್ದು ಅವರ ದೊಡ್ಡ ಸಾಧನೆ. ನಮ್ಮ ಕೈಯಲ್ಲಿರುವ ಉಪಾಯ ತೆಳು ಪದರ ಒಂದೇ. ಕಪ್ಪು ಸಾಲದೆ ಕಂಡರೆ ಇನ್ನೊಂದು ದಿನ ಇನ್ನೊಂದು ತೆಳು ಪದರ.

ಗೆರೆ ತಪ್ಪಿದರೆ, ಹಸಿ ಇರುವಾಗಲೇ ಹತ್ತಿಯ ಕಡ್ಡಿಗೆ ಟರ್ಪೆಂಟೈನ್ ಸೋಕಿಸಿ ಒಂದೇ ಸಲ ಎತ್ತಿ ತೆಗೆಯಿರಿ. ಎಲೆಯ ನರ, ರೆಕ್ಕೆಯ ಗರಿಗಳಂಥ ಸಣ್ಣ ಗೆರೆಗಳನ್ನು ಹಸಿ ಕಪ್ಪಿನ ಮೇಲೆ ಚೂಪಾದ ಬಿದಿರಿನಿಂದ ಗೀಚಿ ತೆಗೆಯಬಹುದು, ಕೆಳಗಿನ ಕಾಗದ ಬೆಳ್ಳಗೆ ಇಣುಕುತ್ತದೆ. ನೀರಿನ ಅಲೆ ಬೇಕಿದ್ದರೆ ಝೆಶಿನ್ ಮತ್ತೆ ಬಳಕೆಗೆ ತಂದ ಸೇಗಾಯ್ಹಾ ಎಂಬ ಹಳೆಯ ವಿಧಾನ ಇದೆ. ಉರುಶಿಗೆ ಮೊಟ್ಟೆಯ ಬಿಳಿಯಂಥದ್ದನ್ನು ಸೇರಿಸಿ ಗಟ್ಟಿ ಮಾಡಿ, ಹಲ್ಲಿನ ಬಾಚಣಿಗೆಯಂಥ ಉಪಕರಣದಿಂದ ಕಮಾನು ಕಮಾನಾಗಿ ಎಳೆಯುತ್ತಾರೆ. ನೋಡಲು ಅದ್ಭುತ, ಆದರೆ ಮೊದಲ ಹಾಳೆಗೆ ಬೇಡ.

ಚಿನ್ನದ ಪುಡಿ ಉದುರಿಸುವ ಮಾಕಿ-ಎ ಬೇರೆಯೇ ಒಂದು ವಿದ್ಯೆ. ಅರೆಗಟ್ಟಿಯಾದ ಉರುಶಿಯ ಮೇಲೆ, ಬಾಯಿಗೆ ರೇಷ್ಮೆ ಜಾಳಿಗೆ ಕಟ್ಟಿದ ಬಿದಿರ ಕೊಳವೆಯಿಂದ ಉದುರಿಸುತ್ತಾರೆ. ಹಿತ್ತಾಳೆ ಪುಡಿಯಿಂದ ಅದನ್ನು ಅಗ್ಗದಲ್ಲಿ ಮುಗಿಸಬೇಡಿ, ಕೆಲವೇ ವರ್ಷದಲ್ಲಿ ಕಪ್ಪಾಗುತ್ತದೆ.

ತೇವದ ಪೆಟ್ಟಿಗೆ

ಜಪಾನಿನಲ್ಲಿ ಇದಕ್ಕೆ ಮರದ ಕಪಾಟು ಇರುತ್ತದೆ. ಮನೆಯಲ್ಲಿ ಮುಚ್ಚಳ ಇರುವ ದೊಡ್ಡ ಥರ್ಮೋಕೋಲ್ ಪೆಟ್ಟಿಗೆ ಸಾಕು. ತಳದಲ್ಲಿ ಹಿಂಡಿದ ಒದ್ದೆ ಬಟ್ಟೆ, ಅದರ ಮೇಲೆ ಎತ್ತರದ ಜಾಲರಿ, ಜಾಲರಿಯ ಮೇಲೆ ಹಲಗೆ ಸಮೇತ ಚಿತ್ರ, ಪಕ್ಕದಲ್ಲಿ ಮೀಟರ್ ಮತ್ತು ಅದೇ ಬಣ್ಣದ ಗೆರೆ ಎಳೆದ ಗಾಜಿನ ಚೂರು. ಮುಚ್ಚಳದ ಒಳಗೆ ಹನಿಗಟ್ಟಿ ಚಿತ್ರದ ಮೇಲೆ ಬೀಳದ ಹಾಗೆ ಒಣ ಬಟ್ಟೆಯೊಂದನ್ನು ಮುಚ್ಚಳದ ಕೆಳಗೆ ಬಿಗಿದಿಡಿ.

ಕಾಗದದ ಚಿತ್ರಕ್ಕೆ ಶೇಕಡ 70ರ ಆಸುಪಾಸು ನಿಲ್ಲಿಸಿ, 80 ದಾಟಿದರೆ ಹಾಳೆ ಉಬ್ಬುತ್ತದೆ, ಬೂಸ್ಟಿಗೂ ದಾರಿ. ಕೆಂಪಿಗೆ ಇನ್ನೂ ನಿಧಾನ ಬೇಕು. ಮೊದಲ ಕೆಲವು ಗಂಟೆ ಶೇಕಡ 60ರಲ್ಲಿಟ್ಟು ಆಮೇಲೆ ಏರಿಸಿ. ಬೇಗ ಗಟ್ಟಿಯಾದ ಕೆಂಪು ಕಂದಾಗಿಬಿಡುತ್ತದೆ, ನಿಧಾನವಾಗಿ ಗಟ್ಟಿಯಾದದ್ದು ಬಣ್ಣ ಉಳಿಸಿಕೊಳ್ಳುತ್ತದೆ. ಹೊರಗೆ ತೆಗೆದ ದಿನ ಕೆಂಪು ಮಂಕಾಗಿ ಕಂಡರೆ ಬೇಸರ ಬೇಡ. ತಿಂಗಳುಗಳು ಕಳೆದಂತೆ ಉರುಶಿ ತಿಳಿಯಾಗಿ ಒಳಗಿನ ಬಣ್ಣ ಮೇಲೆ ಬರುತ್ತದೆ.

ಕರ್ನಾಟಕದಲ್ಲಿ ಕೂತು ಮಾಡುವವರು ಋತು ನೋಡಿಕೊಳ್ಳಬೇಕು. ಜುಲೈನಲ್ಲಿ ಮಂಗಳೂರಿನ ಕೋಣೆಯೇ ತೇವದ ಪೆಟ್ಟಿಗೆ, ಒದ್ದೆ ಬಟ್ಟೆಯೇ ಬೇಡ. ಅಲ್ಲಿ ಕಷ್ಟ ಇನ್ನೊಂದು: ಗಾಜಿನ ಮೇಲೆ ಬೆರೆಸಿಟ್ಟ ಬಣ್ಣ ನೋಡನೋಡುತ್ತಾ ಪೊರೆ ಕಟ್ಟುತ್ತದೆ. ಅದನ್ನು ಪ್ಲಾಸ್ಟಿಕ್ ಹಾಳೆಯಿಂದ ಗಾಳಿ ಆಡದ ಹಾಗೆ ಒತ್ತಿ ಮುಚ್ಚಿಡಿ. ಮಾರ್ಚ್‌ನ ಬೆಂಗಳೂರಿನಲ್ಲಿ, ಕಲಬುರಗಿಯಲ್ಲಿ, ಇದಕ್ಕೆ ಪೂರ್ತಿ ಉಲ್ಟಾ. ಬಣ್ಣ ದಿನವಿಡೀ ಹಸಿಯಾಗಿರುತ್ತದೆ, ಆರಾಮವಾಗಿ ಬಿಡಿಸಬಹುದು. ಪೆಟ್ಟಿಗೆಯ ಬಟ್ಟೆಯನ್ನು ಮಾತ್ರ ದಿನಕ್ಕೆರಡು ಸಲ ಒದ್ದೆ ಮಾಡಬೇಕು.

ಒಂದು ದಿನ ಕಳೆದ ಮೇಲೆ ಜೊತೆಗಿಟ್ಟ ಗಾಜಿನ ಚೂರನ್ನು ಕೈಗವಸು ಹಾಕಿದ ಬೆರಳಿನಿಂದ ಮುಟ್ಟಿ ನೋಡಿ, ಚಿತ್ರವನ್ನಲ್ಲ. ಗುರುತು ಮೂಡದಿದ್ದರೆ ಮುಂದಿನ ಪದರಕ್ಕೆ ಹೋಗಬಹುದು. ಪೂರ್ತಿ ಗಟ್ಟಿಯಾಗಲು ವಾರಗಳೇ ಬೇಕು. ಅಲ್ಲಿಯವರೆಗೆ ಬರಿಗೈಯಲ್ಲಿ ಮುಟ್ಟಬೇಡಿ.

ಕುಂಚ ತೊಳೆಯುವುದು, ಚಿತ್ರ ಇಡುವುದು

ಕುಂಚಕ್ಕೆ ನೀರು ತೋರಿಸಬೇಡಿ. ಎಣ್ಣೆಯಲ್ಲಿ ಅದ್ದಿ, ಗಾಜಿನ ಮೇಲೆ ಚಪ್ಪಟೆ ಕಡ್ಡಿಯಿಂದ ಬುಡದಿಂದ ತುದಿಗೆ ಒತ್ತಿ ಹಿಂಡಿ. ಬಣ್ಣ ಬರುವುದು ನಿಲ್ಲುವ ತನಕ ಹೀಗೆ ಮಾಡಿ, ಕೊನೆಗೆ ಹೊಸ ಎಣ್ಣೆ ಸವರಿ ಮುಚ್ಚಿಡಿ. ಎಣ್ಣೆ ಉರುಶಿಯನ್ನು ಒಣಗಲು ಬಿಡುವುದಿಲ್ಲ. ಅದೇ ಕಾರಣಕ್ಕೆ ಮುಂದಿನ ಸಲ ಬಳಸುವ ಮುಂಚೆ ಟರ್ಪೆಂಟೈನ್‌ನಲ್ಲಿ ಎಣ್ಣೆಯನ್ನು ಪೂರ್ತಿ ತೆಗೆಯಬೇಕು. ಒಂದಿಷ್ಟು ಉಳಿದರೂ ಆ ಗೆರೆ ಎಷ್ಟು ದಿನ ಕಾದರೂ ಗಟ್ಟಿಯಾಗದು. ಒರೆಸಿದ ಬಟ್ಟೆ, ಕೈಗವಸು, ಸೋಸಿದ ಕಾಗದ ಎಲ್ಲವನ್ನೂ ಚೀಲದಲ್ಲಿ ಕಟ್ಟಿ, ಹೊರಗೆ ಗುರುತು ಬರೆದು ಎಸೆಯಿರಿ. ಕಸ ಬೇರ್ಪಡಿಸುವವರ ಕೈಗೆ ಅದು ತಾಗಬಾರದು ಅಲ್ವಾ.

ಮುಗಿದ ಚಿತ್ರವನ್ನು ಸುರುಳಿ ಸುತ್ತಬೇಡಿ, ಚಪ್ಪಟೆಯಾಗಿಯೇ ಇಡಿ. ಉರುಶಿ ನೀರಿಗೆ, ಆಮ್ಲಕ್ಕೆ, ಬಿಸಿಗೆ ಅಷ್ಟಾಗಿ ಹೆದರುವುದಿಲ್ಲ. ಬಿಸಿಲಿನ ನೇರಳಾತೀತ ಕಿರಣಕ್ಕೆ ಮಾತ್ರ ಸೋಲುತ್ತದೆ, ಹೊಳಪು ಹೋಗಿ ಮೇಲ್ಮೈ ಪುಡಿಯಾಗುತ್ತದೆ. ಹಾಗಾಗಿ ಕಿಟಕಿಯ ಎದುರಿನ ಗೋಡೆ ಬೇಡ. ಚೌಕಟ್ಟು ಹಾಕಿಸುವುದಾದರೆ ಗಾಜು ಚಿತ್ರಕ್ಕೆ ತಾಗದ ಹಾಗೆ ನಡುವೆ ದಪ್ಪ ರಟ್ಟಿನ ಅಂಚು ಕೊಡಿಸಿ. ಗಾಜಿಗೆ ಒತ್ತಿಕೊಂಡ ಉರುಶಿ ನಮ್ಮ ಕಡೆಯ ಸೆಖೆಯಲ್ಲಿ ಅದಕ್ಕೇ ಅಂಟಿಬಿಡಬಹುದು.